ನಾಲ್ಕು ಹಲ್ಲು ಹೆಚ್ಚಾದ ಸೈಕಲ್ಲು

ಮೂವತ್ತೆರಡು ವರ್ಷ ಅಂಚೆ ಚೀಲ ಹೇರಿಕೊಂಡು ಸೈಕಲ್ ತುಳಿದವನು ನಾನು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗಳಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯದು ಬರೀ ಬೊಗಳುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಯಾವ ಮೋರಿಯ ಹತ್ತಿರ ಇಳಿದು ಸೈಕಲ್ ತಳ್ಳಬೇಕು, ಎಲ್ಲಿಂದ ಮತ್ತೆ ಹತ್ತಬಹುದು ಎಂಬುದೂ ಅಷ್ಟೇ. ಆದರೆ ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನದಕ್ಕೆ ಎಷ್ಟು ಹಲ್ಲು ಎಂದು ಒಂದು ದಿನವೂ ಎಣಿಸಿದವನಲ್ಲ. ನಿವೃತ್ತನಾಗಿ ಹತ್ತು ವರ್ಷವಾದ ಮೇಲೆ ಅದನ್ನು ಎಣಿಸುವಂತೆ ಮಾಡಿದವಳು ನನ್ನ ಮೊಮ್ಮಗಳು ಪುಟ್ಟಿ.

ಪುಟ್ಟಿ ಈಗ ಎಂಟನೇ ಕ್ಲಾಸು. ನಮ್ಮೂರಿನಲ್ಲಿ ಇರುವುದು ಏಳನೆಯವರೆಗೆ ಮಾತ್ರ. ಹೈಸ್ಕೂಲು ಇರುವುದು ನಾಲ್ಕೂವರೆ ಕಿಲೋಮೀಟರ್ ಆಚೆ, ಗುಡ್ಡದ ಮೇಲೆ. ಗದ್ದೆ ಬಯಲಿನ ರಸ್ತೆ ಚೆನ್ನಾಗಿಯೇ ಇದೆ. ಹಳ್ಳ ದಾಟಿದ ಮೇಲೆ ಸುಮಾರು ಆರುನೂರು ಮೀಟರ್ ಚಡಾವು. ಬೆಳಗಿನ ಬಸ್ಸು ಬರುವ ಹೊತ್ತಿಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಹಾಗಾಗಿ ಸೈಕಲ್ಲೇ ಗತಿ.

2006-07ರಿಂದ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಹಾಗೆ ನನ್ನ ಅಣ್ಣನ ಮೊಮ್ಮಗಳಿಗೆ ಬಂದಿದ್ದ ಲೇಡೀಸ್ ಸೈಕಲ್ಲು ಅಟ್ಟದ ಕೆಳಗೆ ಸುಮ್ಮನೆ ನಿಂತಿತ್ತು. ಟಯರು, ಟ್ಯೂಬು ಬದಲಾಯಿಸಿ ಪುಟ್ಟಿಗೆ ಕೊಟ್ಟೆವು. ಜೂನ್ ತಿಂಗಳಿಡೀ ಅವಳು ಹುಮ್ಮಸ್ಸಿನಿಂದ ಹೋದಳು. ಜುಲೈಯಲ್ಲಿ ಮಳೆ ಹಿಡಿಯಿತು. ಒದ್ದೆ ಚೀಲ, ಒದ್ದೆ ರೇನ್‌ಕೋಟು, ಎದುರು ಗಾಳಿ. ಚಡಾವಿನ ಬುಡದ ಮೋರಿಗೆ ಬಂದದ್ದೇ ಇಳಿದು ತಳ್ಳಬೇಕು. ಶಾಲೆ ಮುಟ್ಟುವಾಗ ಗಂಟೆ ಹೊಡೆದಾಗಿರುತ್ತಿತ್ತು.

ಒಂದು ದಿನ ಶಾಲೆಯಿಂದ ಚೀಟಿ ಬಂತು. ತಿಂಗಳಲ್ಲಿ ಒಂಬತ್ತು ದಿನ ತಡ. ಮಗ ಚೀಟಿ ಓದಿ ಮಡಚಿಟ್ಟ.

"ಅಪ್ಪಯ್ಯ, ದಸರಾ ರಜೆ ಮುಗಿದ ಮೇಲೆ ಇವಳನ್ನ ಶಿವಮೊಗ್ಗದ ಹಾಸ್ಟೆಲ್ಲಿಗೆ ಸೇರಿಸ್ತೇನೆ. ಈ ಒದ್ದಾಟ ಬೇಡ," ಎಂದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಳಗೆ ಪುಟ್ಟಿಯ ಅಜ್ಜಿ ಪಾತ್ರೆ ತೊಳೆಯುವ ಸದ್ದು ಥಟ್ಟನೆ ನಿಂತಿತು. ಪುಟ್ಟಿ ಏನೂ ಹೇಳಲಿಲ್ಲ. ಜಗಲಿಯಲ್ಲಿ ಸೈಕಲ್ ಪಕ್ಕ ಹೋಗಿ ಕುಳಿತಳು.

ಎಣಿಸಿದ್ದು ಹೀಗೆ

ಸ್ವಲ್ಪ ಹೊತ್ತಿಗೆ ಅವಳ ಪ್ರಶ್ನೆ ಬಂತು. "ಅಜ್ಜ, ಪೇಟೆಯವರ ಗೇರ್ ಸೈಕಲ್ಲು ಎಂಥಾ ಚಡಾವನ್ನೂ ಹತ್ತುತ್ತದಂತೆ. ನಮ್ಮದು ಯಾಕೆ ಹತ್ತುವುದಿಲ್ಲ?"

"ನಮ್ಮದಕ್ಕೆ ಗೇರಿಲ್ಲ ಮಗಾ."

"ಗೇರು ಅಂದರೆ ಎಂಥದು?"

ನನಗೆ ಉತ್ತರ ಬರಲಿಲ್ಲ. ಅಷ್ಟು ವರ್ಷ ತುಳಿದವನಿಗೆ ನಾಚಿಕೆಯಾಯಿತು. ಮರುದಿನ ಅವಳೇ ಗಣಿತದ ಮೇಷ್ಟ್ರನ್ನು ಕೇಳಿಕೊಂಡು ಬಂದಳು. "ಮೇಷ್ಟ್ರು ಹೇಳಿದ್ದು, ಗೇರಿಲ್ಲದ ಸೈಕಲ್ಲೇ ಇಲ್ಲವಂತೆ. ನಮ್ಮದಕ್ಕೆ ಒಂದೇ ಗೇರು ಇದೆ, ಅಷ್ಟೇ. ಹಲ್ಲು ಎಣಿಸಿಕೊಂಡು ಬಾ ಅಂದಿದ್ದಾರೆ."

ಇಬ್ಬರೂ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ಕುಳಿತೆವು. ಎಣಿಸಲು ಶುರುಮಾಡುವ ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಬೇಕು, ಇಲ್ಲದಿದ್ದರೆ ಎಲ್ಲಿ ಶುರುಮಾಡಿದೆವೆಂದು ಮರೆತುಹೋಗುತ್ತದೆ. ಪೆಡಲು ಇರುವ ಮುಂದಿನ ದೊಡ್ಡ ಚಕ್ರದಲ್ಲಿ 44 ಹಲ್ಲು. ಹಿಂದಿನ ಗಾಲಿಯ ನಡುವೆ ಕುಳಿತಿರುವ ಪುಟ್ಟ ಚಕ್ರಕ್ಕೆ ಫ್ರೀವೀಲ್ ಎನ್ನುತ್ತಾರೆ. ಅದರಲ್ಲಿ 18 ಹಲ್ಲು.

ಈಗ ಲೆಕ್ಕ ನೋಡಿ ಮಕ್ಕಳೇ. ಪೆಡಲು ಒಂದು ಸುತ್ತು ಬಂದರೆ ಮುಂದಿನ ಚಕ್ರ ಚೈನನ್ನು 44 ಹಲ್ಲಿನಷ್ಟು ಎಳೆಯುತ್ತದೆ. ಚೈನು ಹಿಂದೆಯೂ 44 ಹಲ್ಲು ದಾಟಲೇಬೇಕು. ಅಲ್ಲಿರುವುದು 18 ಮಾತ್ರ. ಹಾಗಾಗಿ ಅದು ಒಂದು ಸುತ್ತು ಸುತ್ತಿ 18, ಇನ್ನೊಂದು ಸುತ್ತಿ 36, ಮತ್ತೂ 8 ಹಲ್ಲು ಮುಂದೆ ಹೋಗಬೇಕು. ಎಂದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು. ನಿಖರವಾಗಿ 44ನ್ನು 18ರಿಂದ ಭಾಗಿಸಿದರೆ 2.44.

ಅಜ್ಜಿಯರಿಗೆ ಇದು ಹೊಸತೇನಲ್ಲ. ಚರಕದ ದೊಡ್ಡ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಕದಿರು ಎಷ್ಟೋ ಸುತ್ತು ತಿರುಗುವುದಿಲ್ಲವೇ? ಅಲ್ಲಿ ಹುರಿಯ ಕೆಲಸ, ಇಲ್ಲಿ ಚೈನಿನ ಕೆಲಸ.

ಗಾಲಿಯ ಅಳತೆಯನ್ನೂ ತೆಗೆದೆವು. ಟಯರಿನ ಮೇಲೊಂದು ಗುರುತು, ನೆಲದ ಮೇಲೊಂದು ಗುರುತು. ಗಾಲಿ ಒಂದು ಪೂರ್ತಿ ಸುತ್ತು ಉರುಳಿದಾಗ ಅಂಗಳದಲ್ಲಿ 2 ಮೀಟರ್ 7 ಸೆಂಟಿಮೀಟರ್ ದಾಟಿತ್ತು. ಅದಕ್ಕೆ 2.44 ಗುಣಿಸಿದರೆ ಸುಮಾರು 5 ಮೀಟರ್. ಪುಟ್ಟಿ ಒಂದು ಸಲ ಪೆಡಲು ಸುತ್ತಿಸಿದರೆ ಸೈಕಲ್ಲು ಐದು ಮೀಟರ್ ಓಡುತ್ತದೆ.

"ಬಯಲಿನಲ್ಲಿ ಅದು ಖುಷಿ ಅಜ್ಜ. ಚಡಾವಿನಲ್ಲಿ ಒಂದೇ ಸುತ್ತಿಗೆ ಐದು ಮೀಟರ್ ಹತ್ತಬೇಕಾದರೆ?" ಎಂದಳು. ಅವಳ ಕಷ್ಟ ಏನೆಂದು ನನಗೆ ಅರ್ಥವಾದದ್ದು ಆಗ. ಸಮತಟ್ಟು ರಸ್ತೆಗೆ ಹೊಂದುವ ಹಲ್ಲಿನ ಲೆಕ್ಕ ನಮ್ಮ ಗುಡ್ಡಕ್ಕೆ ಭಾರವಾಗಿತ್ತು.

ಸಾಲ ಅಷ್ಟೇ, ಕಂತು ಚಿಕ್ಕದು

ಹಿಂದಿನ ಫ್ರೀವೀಲಿಗೆ 18ರ ಬದಲು 22 ಹಲ್ಲು ಇದ್ದರೆ? 44 ಎಂದರೆ ಎರಡು 22. ಪೆಡಲು ಒಂದು ಸುತ್ತು, ಗಾಲಿ ಸರಿಯಾಗಿ ಎರಡು ಸುತ್ತು. ಒಂದು ತುಳಿತದ ಸುತ್ತಿಗೆ 4 ಮೀಟರ್ 14 ಸೆಂಟಿಮೀಟರ್ ಮಾತ್ರ. ಮೊದಲು ಪೆಡಲಿನ ಮೇಲೆ 22 ಕೆ.ಜಿ. ಭಾರ ಹಾಕಬೇಕಿದ್ದ ಕಡೆ ಈಗ 18 ಕೆ.ಜಿ. ಸಾಕು.

"ಹಾಗಾದರೆ ಚಡಾವು ಸುಲಭವಾಗುತ್ತದೆ, ಅಲ್ಲವಾ?"

"ಸುಲಭ ಅಂದರೆ, ಸೊಸೈಟಿ ಸಾಲದ ಹಾಗೆ ಮಗಾ," ಎಂದೆ. ನನಗೆ ಗೊತ್ತಿರುವ ಲೆಕ್ಕ ಅದೇ. "ಗುಡ್ಡದ ಎತ್ತರ ಅಷ್ಟೇ ಇರುತ್ತದೆ. ನಿನ್ನ ತೂಕ, ಸೈಕಲ್ಲಿನ ತೂಕ, ಪುಸ್ತಕದ ಚೀಲದ ತೂಕ ಎಲ್ಲ ಅಷ್ಟೇ. ಆ ಸಾಲ ಮಾಫಿ ಆಗುವುದಿಲ್ಲ. ಕಂತು ಮಾತ್ರ ಚಿಕ್ಕದಾಗುತ್ತದೆ. ಹಾಗೇ ಕಂತಿನ ಸಂಖ್ಯೆ ಹೆಚ್ಚಾಗುತ್ತದೆ."

ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಆರುನೂರು ಮೀಟರ್ ಚಡಾವಿಗೆ ಹಳೆಯ ಫ್ರೀವೀಲಿನಲ್ಲಿ 119 ಸುತ್ತು. ಹೊಸದರಲ್ಲಿ 145. "ಇಪ್ಪತ್ತಾರು ಸುತ್ತು ಜಾಸ್ತಿ ತುಳಿಯಬೇಕು. ಆದರೆ ಇಳಿಯುವುದು ಬೇಡ!"

ಮುಂದಿನ ಚಕ್ರವನ್ನು 44ರ ಬದಲು 36 ಹಲ್ಲಿಗೆ ಇಳಿಸಿದರೂ ಇದೇ ಫಲ. 36ನ್ನು 18ರಿಂದ ಭಾಗಿಸಿದರೂ ಎರಡೇ. ಆದರೆ ಇಂಥ ಸೈಕಲ್ಲುಗಳಲ್ಲಿ ಮುಂದಿನ ಚಕ್ರ ಪೆಡಲಿನ ಕೈಗೇ ಬೆಸೆದುಕೊಂಡಿರುತ್ತದೆ. ಅದನ್ನು ಬದಲಾಯಿಸಲು ಕಾಟರ್ ಪಿನ್ನು ಹೊಡೆದು ತೆಗೆದು, ಆ ಕೈಯನ್ನೇ ಬೇರೆ ಹಾಕಬೇಕು. ಫ್ರೀವೀಲಾದರೆ ಬರೀ ತಿರುಪಿ ಕೂರಿಸಿದ ಸಾಮಾನು. ಖರ್ಚೂ ಕಡಿಮೆ.

ಅಜ್ಜನ ಸುತ್ತಿಗೆ, ಮೇಸ್ತ್ರಿಯ ಬೈಗುಳ

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಸೈಕಲ್ಲಿನ ವಿಷಯದಲ್ಲಿ ನನಗೆ ತಿಳಿಯದ್ದೇನಿದೆ ಎಂಬ ಜಂಬ ನನ್ನದು. ಶಾಪಿಗೆ ಒಯ್ಯದೆ ಮನೆಯಲ್ಲೇ ಗಾಲಿ ಬಿಚ್ಚಿದೆ. ಫ್ರೀವೀಲ್ ತೆಗೆಯಲು ಅದರ ನಡುವಿನ ಕಚ್ಚುಗಳಿಗೆ ಸರಿಯಾಗಿ ಕೂರುವ ಒಂದು ಕೀ ಇರುತ್ತದೆ. ಅದು ನನ್ನ ಬಳಿ ಇರಲಿಲ್ಲ. ಉಳಿ ಇತ್ತು, ಸುತ್ತಿಗೆ ಇತ್ತು. ಪುಟ್ಟಿಯ ಅಜ್ಜಿ ಒಳಗಿನಿಂದ, "ರೀ, ಅಂಗಡಿಗೆ ಒಯ್ಯಿರಿ ಅಂದೆ," ಎಂದಳು. ನಾನು ಕೇಳಿಸದವನ ಹಾಗೆ ಹೊಡೆದೆ. ನಾಲ್ಕನೇ ಏಟಿಗೆ ಕಚ್ಚು ಮುರಿಯಿತು. ಉಳಿ ಜಾರಿ ಹೆಬ್ಬೆರಳು ತರಚಿತು. ಫ್ರೀವೀಲ್ ಕೂದಲೆಳೆಯಷ್ಟೂ ಕದಲಲಿಲ್ಲ.

ಮರುದಿನ ಗಾಲಿ ಹೊತ್ತುಕೊಂಡು ಪೇಟೆಯ ಸೈಕಲ್ ಶಾಪಿಗೆ ಹೋದೆವು. ಮೇಸ್ತ್ರಿ ನನಗಿಂತ ನಾಲ್ಕು ವರ್ಷ ಚಿಕ್ಕವರು. ನನ್ನ ಅಂಚೆ ಸೈಕಲ್ಲಿಗೆ ಎಷ್ಟು ಪಂಕ್ಚರ್ ಹಾಕಿದ್ದಾರೋ ಲೆಕ್ಕವಿಲ್ಲ. ಮುರಿದ ಕಚ್ಚು ನೋಡಿ, "ಇದಕ್ಕೆ ಯಾರು ಹೊಡೆದದ್ದು?" ಎಂದರು. ಪುಟ್ಟಿ ನನ್ನ ಹೆಬ್ಬೆರಳಿನ ಬಟ್ಟೆಯ ಕಡೆ ನೋಡಿದಳು. ಅವರಿಗೆ ಅಷ್ಟೇ ಸಾಕಾಯಿತು.

"ಪೋಸ್ಟಣ್ಣ, ನೀವು ತುಳಿದಷ್ಟೂ ಇದು ಬಿಗಿಯಾಗುತ್ತಾ ಹೋಗ್ತದೆ. ಮುಂದಕ್ಕೆ ತುಳಿಯುವುದೂ ಇದನ್ನು ಬಿಗಿ ಮಾಡುವುದೂ ಒಂದೇ ದಿಕ್ಕು. ವರ್ಷಗಟ್ಟಲೆ ಬಿಗಿದದ್ದು ನಿಮ್ಮ ನಾಲ್ಕು ಏಟಿಗೆ ಬರ್ತದಾ?" ಎಂದು ಬೈದರು. ಬೈಸಿಕೊಳ್ಳಬೇಕಾದ ಮಾತೇ.

ಕಚ್ಚು ಸರಿ ಇದ್ದಿದ್ದರೆ ಕೆಲಸ ಐದು ನಿಮಿಷದ್ದು. ಕೀಯನ್ನು ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನು ಅದರ ಮೇಲೆ ಕೂರಿಸಿ, ಬಸ್ಸಿನ ಸ್ಟೀರಿಂಗಿನ ಹಾಗೆ ಎಡಕ್ಕೆ ತಿರುಗಿಸಿದರೆ ಮುಗಿಯಿತು. ಈಗ ಬೇರೆ ದಾರಿ ಹಿಡಿಯಬೇಕಾಯಿತು. ಫ್ರೀವೀಲಿನ ಮುಖದ ಮೇಲೆ ಎರಡು ಸಣ್ಣ ತೂತುಗಳಿರುವ ಒಂದು ಮುಚ್ಚಳ ಇರುತ್ತದೆ. ಅದರ ತಿರುಪು ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಮೇಸ್ತ್ರಿ ಅದನ್ನು ಬಿಚ್ಚಿದ್ದೇ ತಡ, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡುಗಳು ಜರ್ರನೆ ಉದುರಿ ಅಂಗಡಿ ತುಂಬ ಓಡಿದವು. ಪುಟ್ಟಿ ಮಂಡಿಯೂರಿ ಅವನ್ನೆಲ್ಲ ಹೆಕ್ಕಿ ಅಂಗೈಯಲ್ಲಿ ತುಂಬಿಕೊಂಡಳು.

ಹಲ್ಲಿನ ಹೊರ ಬಳೆ ಎದ್ದು ಬಂದಾಗ ಒಳಗಿನ ಗುಟ್ಟು ಕಂಡಿತು. ಒಳಗಿನ ತಿರುಳಿನಲ್ಲಿ ಉಗುರಿನಂಥ ಎರಡು ಪುಟ್ಟ ಉಕ್ಕಿನ ನಾಲಗೆಗಳು. ಅವುಗಳ ಅಡಿಯಲ್ಲಿ ಕೂದಲಿನಂಥ ಸ್ಪ್ರಿಂಗು. ಮುಂದಕ್ಕೆ ತುಳಿದಾಗ ಈ ನಾಲಗೆ ಹೊರ ಬಳೆಯ ಒಳಗಿನ ಕಚ್ಚಿಗೆ ಸಿಕ್ಕಿಕೊಂಡು ಗಾಲಿಯನ್ನು ಎಳೆಯುತ್ತದೆ. ತುಳಿಯುವುದು ನಿಲ್ಲಿಸಿದರೆ ಕಚ್ಚುಗಳ ಮೇಲೆ ಜಾರುತ್ತಾ ಹೋಗುತ್ತದೆ. ಇಳಿಜಾರಿನಲ್ಲಿ ಸೈಕಲ್ಲು ಟಿಕ್ ಟಿಕ್ ಟಿಕ್ ಎನ್ನುವುದು ಈ ನಾಲಗೆಗಳ ಸದ್ದು. ಮೂವತ್ತೆರಡು ವರ್ಷ ಆ ಸದ್ದು ಕೇಳಿದ್ದೆ. ಆ ನಾಲಗೆಯನ್ನು ಕಂಡದ್ದು ಅಂದೇ ಮೊದಲು.

ಉಳಿದ ತಿರುಳನ್ನು ವೈಸಿನಲ್ಲಿ ಕಚ್ಚಿಸಿ, ಎಣ್ಣೆ ಬಿಟ್ಟು, ಇಬ್ಬರೂ ಗಾಲಿ ಹಿಡಿದು ತಿರುಗಿಸಿದಾಗ ಟಪ್ ಎಂದು ಸಡಿಲಾಯಿತು.

ಒಂದು ಅಂಗುಲದ ಚೈನು

22 ಹಲ್ಲಿನ ಫ್ರೀವೀಲ್ ಶಾಪಿನಲ್ಲಿ ಇರಲಿಲ್ಲ. ಶಿವಮೊಗ್ಗದಿಂದ ತರಿಸಲು ನಾಲ್ಕು ದಿನವಾಯಿತು. ಬಂದ ಮೇಲೆ ಮೇಸ್ತ್ರಿ ಮೊದಲು ಹಬ್ಬಿನ ತಿರುಪನ್ನು ಬಟ್ಟೆಯಿಂದ ಒರೆಸಿ, ಗ್ರೀಸು ಸವರಿ, ಹೊಸದನ್ನು ಪುಟ್ಟಿಯ ಕೈಗೆ ಕೊಟ್ಟರು. "ಸ್ಪ್ಯಾನರ್ ಬೇಡ. ಬರೀ ಕೈಯಲ್ಲಿ ಕೂರಿಸು. ಓರೆಯಾಗಿ ಕೂತರೆ ತಿರುಪು ಹಾಳಾಗ್ತದೆ, ಹಬ್ಬೇ ಹೋಗ್ತದೆ," ಎಂದರು. ಅವಳು ಉಸಿರು ಬಿಗಿಹಿಡಿದು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಹಾಕುವ ಹಾಗೆ ತಿರುಗಿಸಿದಳು. ಸರಾಗವಾಗಿ ಕೂತಿತು.

ಇನ್ನು ಚೈನಿನ ಸರದಿ. ದೊಡ್ಡ ಫ್ರೀವೀಲನ್ನು ಸುತ್ತಲು ಹಳೆಯ ಚೈನು ಗಿಡ್ಡವಾಗುತ್ತದೆ. ಎಷ್ಟು ಗಿಡ್ಡ? ಚೈನು ಫ್ರೀವೀಲಿನ ಅರ್ಧ ಭಾಗವನ್ನು ಮಾತ್ರ ಸುತ್ತುತ್ತದೆ. ನಾಲ್ಕು ಹಲ್ಲು ಹೆಚ್ಚಾದರೆ ಅದರ ಅರ್ಧ, ಎರಡು ಹಲ್ಲಿನಷ್ಟು ಚೈನು ಬೇಕು. ಒಂದು ಹಲ್ಲಿಗೆ ಅರ್ಧ ಅಂಗುಲ. ಆದ್ದರಿಂದ ಒಂದು ಅಂಗುಲ. ಅಗಲದ ಕೊಂಡಿ ಒಂದು, ಒಳಗಿನ ಕೊಂಡಿ ಒಂದು, ಎರಡೂ ಸೇರಿದರೆ ಸರಿಯಾಗಿ ಒಂದು ಅಂಗುಲ. ಅದನ್ನು ಸೇರಿಸಿದರೆ ಗಾಲಿ ಮೊದಲಿದ್ದ ಜಾಗದಲ್ಲೇ ಕೂರುತ್ತದೆ. ಲೆಕ್ಕ ಇಷ್ಟು ನೇರವಾಗಿ ಹೊಂದಿದ್ದು ಕಂಡು ಪುಟ್ಟಿಗೆ ಹಬ್ಬ.

ಆದರೆ ಮೇಸ್ತ್ರಿ ಸ್ಕೇಲು ತೆಗೆದು ಹಳೆಯ ಚೈನನ್ನು ಅಳೆದರು. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಅಂಗುಲ. ನಮ್ಮದು ಅದಕ್ಕಿಂತ ಅಂಗುಲದ ಎಂಟನೇ ಒಂದು ಭಾಗ ಹೆಚ್ಚು ಬಂತು. ಚೈನು ರಬ್ಬರಿನ ಹಾಗೆ ಎಳೆದುಕೊಂಡಿಲ್ಲ. ಪಿನ್ನುಗಳು ಸವೆದು ಸವೆದು ಒಂದೊಂದು ಸಂದೂ ಚೂರುಚೂರು ಸಡಿಲಾಗಿ ಉದ್ದವಾಗಿದೆ. "ಸವೆದ ಚೈನು ಹೊಸ ಹಲ್ಲಿನ ಮೇಲೆ ಕೂರುವುದಿಲ್ಲ. ಚಡಾವಿನಲ್ಲಿ ಜೋರಾಗಿ ಒತ್ತಿದಾಗ ಜಾರ್ತದೆ, ಮಗು ಬೀಳ್ತದೆ," ಎಂದರು. ಹೊಸ ಚೈನೇ ಹಾಕಿಸಿದೆವು. ಎರಡರ ಖರ್ಚೂ ಸೇರಿ ಒಂದು ಒಳ್ಳೆಯ ಸ್ಕೂಲ್ ಬ್ಯಾಗಿನ ಬೆಲೆಯಷ್ಟೂ ಆಗಲಿಲ್ಲ.

ಚೈನು ಕೂಡಿಸುವ ಲಾಕಿನಲ್ಲಿ ಒಂದು ಸೂಕ್ಷ್ಮ ಇದೆ. ಮೀನಿನ ಆಕಾರದ ಆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿರುವ ಬಾಲ ಹಿಂದಕ್ಕೆ. ಮೀನು ಮುಂದಕ್ಕೆ ಈಜುವ ಹಾಗೆ ಎಂದು ನೆನಪಿಟ್ಟುಕೊಳ್ಳಿ. ಉಲ್ಟಾ ಹಾಕಿದರೆ ಏನಾದರೂ ತಾಗಿದಾಗ ಕ್ಲಿಪ್ಪು ಹಾರಿಹೋಗುವ ಭಯ.

ಕೊನೆಗೆ ಗಾಲಿಯನ್ನು ನೇರ ಮಾಡಿ ನಟ್ಟು ಬಿಗಿದರು. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸುಮಾರು ಅರ್ಧ ಅಂಗುಲ ಆಡಬೇಕು. ತೀರಾ ಬಿಗಿಯಾದರೆ ಬೇರಿಂಗು ಸವೆಯುತ್ತದೆ, ತೀರಾ ಸಡಿಲಾದರೆ ಚೈನು ಕಳಚುತ್ತದೆ. ಗಾಲಿ ಬಿಚ್ಚಿದ ಮೇಲೆ ಬ್ರೇಕನ್ನು ಮತ್ತೆ ಹೊಂದಿಸದೆ ಅವರು ಸೈಕಲ್ಲನ್ನು ಅಂಗಡಿ ದಾಟಿಸಲೇ ಇಲ್ಲ.

ಗಲ್ಲದೆತ್ತರದ ಗಾಲಿ

ಫ್ರೀವೀಲಿಗಾಗಿ ಕಾಯುತ್ತಿದ್ದ ನಾಲ್ಕು ದಿನದಲ್ಲಿ ಗಣಿತದ ಮೇಷ್ಟ್ರು ಪುಟ್ಟಿಗೆ ಒಂದು ಸೊಗಸಾದ ಸಂಗತಿ ಹೇಳಿಕೊಟ್ಟಿದ್ದರು.

ಸುಮಾರು 150 ವರ್ಷದ ಹಿಂದಿನ ಸೈಕಲ್ಲುಗಳಿಗೆ ಚೈನು ಇರಲಿಲ್ಲ. ಪೆಡಲುಗಳು ಮುಂದಿನ ಗಾಲಿಗೇ ಕೂತಿದ್ದವು. ಪೆಡಲು ಒಂದು ಸುತ್ತು, ಗಾಲಿಯೂ ಒಂದೇ ಸುತ್ತು. ವೇಗ ಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು. ಹಾಗೆ ಮಾಡಿ ಮಾಡಿ ಮುಂದಿನ ಗಾಲಿ ಆಳೆತ್ತರಕ್ಕೆ ಬಂತು, ಹಿಂದಿನದು ಪುಟ್ಟದಾಯಿತು. ಚಿತ್ರದಲ್ಲಿ ನೀವು ನೋಡಿರುತ್ತೀರಿ. ಆದರೆ ಸವಾರನ ಕಾಲು ಪೆಡಲಿಗೆ ಎಟುಕದಷ್ಟು ದೊಡ್ಡ ಗಾಲಿ ಮಾಡುವಂತಿರಲಿಲ್ಲ. ಬಿದ್ದರೆ ತಲೆಕೆಳಗಾಗಿಯೇ ಬೀಳುವುದು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲನ್ನು ತಂದರು. ಚೈನು ಹಿಂದಿನ ಗಾಲಿಯನ್ನು ಎಳೆಯುತ್ತಿತ್ತು, ಸವಾರನ ಕಾಲು ನೆಲಕ್ಕೆ ಎಟುಕುತ್ತಿತ್ತು. ನಮ್ಮ ಇವತ್ತಿನ ಸೈಕಲ್ಲು ಅದೇ ವಂಶದ್ದು. ದೊಡ್ಡ ಗಾಲಿ ಮಾಡುತ್ತಿದ್ದ ಕೆಲಸವನ್ನು ಈಗ ಹಲ್ಲುಗಳು ಮಾಡತೊಡಗಿದವು.

ಪುಟ್ಟಿಯ ಸೈಕಲ್ಲಿನ ಗಾಲಿ 26 ಅಂಗುಲ. ಹೊಸ ಲೆಕ್ಕದಲ್ಲಿ ಅದನ್ನು ಎರಡರಿಂದ ಗುಣಿಸಿದರೆ 52 ಅಂಗುಲ. ಎಂದರೆ ಆ ಕಾಲದ 52 ಅಂಗುಲದ ದೊಡ್ಡ ಗಾಲಿ ತುಳಿದದ್ದಕ್ಕೆ ಇದು ಸಮ. ನಿಲ್ಲಿಸಿ ಅಳೆದರೆ ಅದು ಪುಟ್ಟಿಯ ಗಲ್ಲದೆತ್ತರ. ಹಳೆಯ ಫ್ರೀವೀಲಿನಲ್ಲಿ ಇದೇ ಲೆಕ್ಕ 63 ಅಂಗುಲ ದಾಟುತ್ತಿತ್ತು. "ಅಯ್ಯೋ ಅಜ್ಜ, ಇಷ್ಟು ದಿನ ನಾನು ನನಗಿಂತ ಎತ್ತರದ ಗಾಲಿ ತುಳಿಯುತ್ತಿದ್ದೆನಾ!" ಎಂದು ಅವಳು ಗೋಡೆಗೆ ಒರಗಿ ನಿಂತು ತಲೆಯ ಮೇಲೆ ಕೈಯಿಟ್ಟು ನೋಡಿಕೊಂಡಳು.

ಇನ್ನೊಂದು ಸಂಗತಿ. ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಓಡುತ್ತಿರುವಾಗಲೇ ಗೇರು ಬದಲಿಸುವ ಸಾಧನಕ್ಕೆ 1937ರವರೆಗೆ ಅನುಮತಿ ಇರಲಿಲ್ಲ. ಅಲ್ಲಿಯ ಸವಾರರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಕೂರಿಸಿಕೊಳ್ಳುತ್ತಿದ್ದರು. ಬೆಟ್ಟದ ಬುಡಕ್ಕೆ ಬಂದಾಗ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿ ಮತ್ತೆ ಹತ್ತುತ್ತಿದ್ದರು. ಪುಟ್ಟಿ ಇದನ್ನು ಕೇಳಿ, "ನಮ್ಮದಕ್ಕೂ ಎರಡು ಬದಿ ಹಾಕಿಸೋಣ," ಎಂದಳು. ನಮ್ಮ ಹಬ್ಬಿಗೆ ತಿರುಪು ಇರುವುದು ಬಲಬದಿಗೆ ಮಾತ್ರ ಎಂದು ಮೇಸ್ತ್ರಿ ಆ ಆಸೆಗೆ ನೀರು ಹಾಕಿದರು.

ಮೋರಿಯಿಂದ ಹಲಸಿನ ಮರದವರೆಗೆ

ಭಾನುವಾರ ಪರೀಕ್ಷೆ. ಚಡಾವಿನ ಬುಡದಲ್ಲಿ ನಾನು ಕೊಡೆ ಹಿಡಿದು ನಿಂತೆ. ಪುಟ್ಟಿ ಮೋರಿ ದಾಟಿದಳು. ಮಾಮೂಲಿಯಾಗಿ ಇಳಿಯುವ ಜಾಗದಲ್ಲಿ ಇಳಿಯಲಿಲ್ಲ. ಸೀಟಿನಿಂದ ಏಳದೆ ತುಳಿಯುತ್ತಲೇ ಹೋದಳು. ತಿರುವಿನ ಹಲಸಿನ ಮರದ ಹತ್ತಿರ ಸೈಕಲ್ಲು ಓಲಾಡಿತು. ಅಲ್ಲಿ ಇಳಿದಳು. ಮುಕ್ಕಾಲು ಚಡಾವು ಮುಗಿದಿತ್ತು.

ನಾನು ಏದುಸಿರು ಬಿಡುತ್ತಾ ಹತ್ತಿ ಹೋದೆ. ಅವಳ ಮುಖ ಸಪ್ಪಗಿತ್ತು. "ಪೂರ್ತಿ ಆಗಲಿಲ್ಲ ಅಜ್ಜ."

"ಹೋದ ವಾರ ಎಲ್ಲಿ ಇಳಿದಿದ್ದೆ?"

"ಮೋರಿಯ ಹತ್ತಿರ."

"ಹಾಗಾದರೆ ಇವತ್ತು ಎಷ್ಟು ಹತ್ತಿದೆ ಎಂದು ಹಿಂದೆ ತಿರುಗಿ ನೋಡು."

ಅವಳು ನೋಡಿದಳು. ಮೋರಿ ಕೆಳಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಸೋಮವಾರ ಬೇರೊಂದು ದೂರು ಬಂತು. ಬಯಲಿನ ರಸ್ತೆಯಲ್ಲಿ ಗೆಳತಿಯರೆಲ್ಲ ಅವಳನ್ನು ಹಿಂದೆ ಹಾಕಿದರಂತೆ. ಕಾಲು ಗಿರಗಿರ ತಿರುಗುತ್ತದೆ, ಸೈಕಲ್ಲು ಓಡುವುದಿಲ್ಲ. ಇದು ನಿಜ. ಮೊದಲಿಗಿಂತ ಕಿಲೋಮೀಟರಿಗೆ 44 ಸುತ್ತು ಹೆಚ್ಚು ತುಳಿಯಬೇಕು. ಕೊಟ್ಟಲ್ಲಿ ಕೊಟ್ಟು ಪಡೆದಲ್ಲಿ ಪಡೆಯುವ ವ್ಯವಹಾರ ಇದು. ಗಡಿಯಾರ ಇಟ್ಟು ನೋಡಿದಾಗ ಬಯಲಿನಲ್ಲಿ ಸುಮಾರು ಮೂರು ನಿಮಿಷ ಕಳೆದುಕೊಳ್ಳುತ್ತಿದ್ದಳು. ಚಡಾವಿನಲ್ಲಿ ಏಳು ನಿಮಿಷ ಗಳಿಸುತ್ತಿದ್ದಳು. ನಾಲ್ಕು ನಿಮಿಷ ಲಾಭ. ಪ್ರಾರ್ಥನೆಗೆ ಅಷ್ಟು ಸಾಕು.

"20 ಹಲ್ಲಿನದು ಹಾಕಿಸಲಾ? ಎರಡರ ನಡುವೆ ಇರ್ತದೆ," ಎಂದು ಕೇಳಿದೆ. ಒಂದು ರಾತ್ರಿ ಯೋಚನೆ ಮಾಡಿ, "ಬೇಡ. ಗೆಳತಿಯರು ಚಡಾವಿನಲ್ಲಿ ನನಗೆ ಸಿಗ್ತಾರೆ," ಎಂದಳು.

ಮೂರನೇ ವಾರದಲ್ಲಿ ಒಂದು ಸಂಜೆ ಅವಳು ಮನೆಗೆ ಬಂದವಳೇ ಚೀಲ ಕೂಡ ಇಳಿಸದೆ, "ಗೇಟಿನವರೆಗೆ! ಇಳಿಯಲೇ ಇಲ್ಲ!" ಎಂದು ಕೂಗಿದಳು. ಆ ಹೊತ್ತಿಗೆ ಹಲ್ಲಿನ ಲೆಕ್ಕದ ಜೊತೆ ಅವಳ ಕಾಲಿನ ಬಲವೂ ಕೂಡಿಕೊಂಡಿತ್ತು. ಸೆಪ್ಟೆಂಬರಿನಲ್ಲಿ ತಡವಾದದ್ದು ಒಂದೇ ದಿನ, ಅದೂ ಪಂಕ್ಚರಿನಿಂದ. ಮಗ ಹಾಜರಿ ವಿವರ ನೋಡಿದ. ಹಾಸ್ಟೆಲ್ಲಿನ ಅರ್ಜಿ ತುಂಬಿಸಿ ಮೇಜಿನ ಮೇಲಿಟ್ಟಿದ್ದ, ಅದನ್ನು ತೆಗೆದು ಡ್ರಾಯರಿನೊಳಗೆ ಹಾಕಿದ. "ಈ ವರ್ಷ ಇರಲಿ," ಎಂದಷ್ಟೇ ಹೇಳಿದ. ಆ ರಾತ್ರಿ ಅಜ್ಜಿ ಪಾಯಸ ಮಾಡಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ನನ್ನ ಹಳೆಯ ಸೈಕಲ್ಲಿಗೂ ಈಗ 22 ಹಲ್ಲು. ಮಂಡಿ ನೋವಿನಿಂದ ಎರಡು ವರ್ಷ ಮುಟ್ಟದೇ ಇದ್ದವನು ಈಗ ಹಾಲಿನ ಡೈರಿಗೆ ಅದರಲ್ಲೇ ಹೋಗಿ ಬರುತ್ತೇನೆ. ಈ ಸಲ ಉಳಿ, ಸುತ್ತಿಗೆ ಮುಟ್ಟಲಿಲ್ಲ.

ನೀವೂ ಎಣಿಸಿ ನೋಡಿ

ಮಕ್ಕಳೇ, ಈ ಭಾನುವಾರ ಅಜ್ಜ ಅಥವಾ ಅಜ್ಜಿಯನ್ನು ಜೊತೆಗೆ ಕೂರಿಸಿಕೊಂಡು ನಿಮ್ಮ ಸೈಕಲ್ಲಿನ ಹಲ್ಲು ಎಣಿಸಿ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಬಂದದ್ದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿ. ಪೆಡಲಿನ ಒಂದು ಸುತ್ತಿಗೆ ನೀವು ಎಷ್ಟು ದೂರ ಹೋಗುತ್ತೀರಿ ಎಂಬುದು ಸಿಗುತ್ತದೆ. ಮುಂದೆ 44 ಹಲ್ಲು, 26 ಅಂಗುಲದ ಗಾಲಿ ಇರುವ ನಮ್ಮ ಸೈಕಲ್ಲಿಗೆ ಪುಟ್ಟಿ ಮಾಡಿದ ಪಟ್ಟಿ ಇದು. ವೇಗದ ಲೆಕ್ಕ ನಿಮಿಷಕ್ಕೆ 60 ಸುತ್ತು ತುಳಿದಾಗಿನದು.

• ಹಿಂದೆ 16 ಹಲ್ಲು: ಒಂದು ಸುತ್ತಿಗೆ 5.69 ಮೀಟರ್, ಕಿಲೋಮೀಟರಿಗೆ 176 ಸುತ್ತು, ಗಂಟೆಗೆ ಸುಮಾರು 20 ಕಿ.ಮೀ.
• 18 ಹಲ್ಲು: 5.06 ಮೀಟರ್, 198 ಸುತ್ತು, ಸುಮಾರು 18 ಕಿ.ಮೀ.
• 20 ಹಲ್ಲು: 4.55 ಮೀಟರ್, 220 ಸುತ್ತು, ಸುಮಾರು 16 ಕಿ.ಮೀ.
• 22 ಹಲ್ಲು: 4.14 ಮೀಟರ್, 242 ಸುತ್ತು, ಸುಮಾರು 15 ಕಿ.ಮೀ.

ಬಯಲುಸೀಮೆಯ ಮಕ್ಕಳಿಗೆ 18 ಚೆನ್ನ, ಗುಡ್ಡದ ಮಕ್ಕಳಿಗೆ 20 ಅಥವಾ 22 ಹಿತ. ನಿಮ್ಮ ದಾರಿಯನ್ನು ನೋಡಿ ನೀವೇ ತೀರ್ಮಾನಿಸಿ.

ಎಣಿಸುವಾಗ ಮಾತ್ರ ಒಂದು ಎಚ್ಚರಿಕೆ. ಗಾಲಿ ತಿರುಗುತ್ತಿರುವಾಗ ಚೈನಿನ ಹತ್ತಿರ ಬೆರಳು ಒಯ್ಯಬೇಡಿ. ಚೈನಿಗೂ ಹಲ್ಲಿಗೂ ನಡುವೆ ಸಿಕ್ಕಿದ ಬೆರಳು ಉಳಿಯುವುದು ಕಷ್ಟ. ಗಾಲಿ ಪೂರ್ತಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕಡ್ಡಿಯಿಂದ ಮುಟ್ಟಿ ಎಣಿಸಿ. ಬಿಚ್ಚುವ ಕೆಲಸವನ್ನು ಮೇಸ್ತ್ರಿಗೆ ಬಿಡಿ, ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಅಜ್ಜಂದಿರೇ, ಈ ಕೊನೆಯ ಮಾತು ನಿಮಗೂ ಸೇರಿಸಿಯೇ ಹೇಳಿದ್ದು. ನನ್ನ ಹೆಬ್ಬೆರಳಿನ ಕಲೆ ಇನ್ನೂ ಮಾಸಿಲ್ಲ.